ಅವ್ವನ ಮುಂದ ಎತ್ತಿದ ದನಿ

ಅಲ್ಲ, ದನಿ ಹೋತು ಅಂದ್ರ ಮಾತು ಹೋತಂತಲ್ಲ, ಮಾತು ಇತ್ತು, ಈಗೂ ಹುಡುಗ್ರಾ, ನಿಮ್ಮ ಮ್ಯಾಲೆ ಒದರಾಕ ಬೇಕಾದಷ್ಟು ಅದ, ಹೋಗಿದ್ದು ಹಾಡೋ ಮ್ಯಾಲಿನ ದನಿ, ಸೊಪ್ರಾನೊ. ಸೊಪ್ರಾನೊ ಅಂದ್ರ ಹೆಣ್ಮಕ್ಕಳ ಎಲ್ಲಾಕ್ಕಿಂತ ಎತ್ತರದ ದನಿ, ಮೈಕಿಲ್ಲದ ಥಿಯೇಟರಿನ ಹಿಂದಿನ ಗ್ವಾಡಿಗೆ ಮುಟ್ಟಬೇಕು. ಧಾರವಾಡದವ್ರು ನಾವು, ನಮಗ್ಯಾಕ ಇಂಗ್ಲಿಷ್ ಹಾಡು ಅಂತೀರೇನು? ಇಂಗ್ಲಿಷ್ ಅಲ್ಲ, ಇಟಾಲಿಯನ್, ಇರ್ಲಿ. ಅಪ್ಪನ ನೌಕರಿಗಂತ ಪುಣೆಕ್ಕ ಬಂದಿದ್ವಿ, ಅಲ್ಲಿ ಕ್ಯಾಂಪಿನ ನಮ್ಮ ಚಾಳಿನ್ಯಾಗ, ಅಂದ್ರ ಸಾಲುಮನಿ ವಠಾರದಾಗ, ಪಿಯಾನೊ ಕಲಿಸೋ ಗೋವಾದ ಟೀಚರ್ ಇದ್ರು, ನಾ ಗ್ಯಾಲರಿಯಿಂದ ನನ್ನ ತಮ್ಮಗ ಕೂಗೋದು ಕೇಳಿ, ಹಾಡು ಕಲಸ್ತೀನಿ ಅಂತ ಕೈ ಹಿಡದು ಎಳಕೊಂಡ ಹೋದ್ರು. ಹಗಲು ಆಫೀಸಿನ್ಯಾಗ ಟೈಪಿಂಗು, ಸಂಜಿಕೆ ಹಾಡು, ವರ್ಷಗಟ್ಟಲೆ. ಅಪ್ಪ ಮಾರಿ ಗಂಟ ಹಾಕ್ಕೋತಿದ್ದ. ಅವ್ವ ಮಾತ್ರ ನಾ ಮಂದಿ ಮುಂದ ಹಾಡಿದಾಗ ಪ್ರತಿ ಸಲ ಸೆರಗ ಹೊಚ್ಕೊಂಡು ಹಿಂದ ಕುಂಡ್ರತಿದ್ಲು. 'ಒಂದಕ್ಷರ ತಿಳೀಲಿಲ್ಲವಾ, ಆದ್ರ ಮೈ ಜುಂ ಅಂತು' ಅಂತಿದ್ಲು.

ಅಷ್ಟರಾಗ ಮುಂಬೈದಾಗ ಒಪೆರಾ, ಅಂದ್ರ ಹಾಡಿನ ನಾಟಕ, ಅದ್ರಾಗ ನಾಯಕಿ ಪಾರ್ಟು ಸಿಕ್ತು. ಸಿಕ್ಕಿದ್ದ ತಡ, ಗಂಟಲಾಗ ಗಂಟು. ಆಪರೇಷನ್ ಆತು. ಡಾಕ್ಟರು ಬೆರಳ ಎತ್ತಿ, 'ಅಜಿಬಾತ್ ಬೋಲಾಯ್ಚ ನಾಹಿ' ಅಂದ್ರು ಮರಾಠಿಯಾಗ, ಮಾತಾಡಲೇಬ್ಯಾಡ ಅಂತ, ಪಿಸುಮಾತೂ ಇಲ್ಲ. ಗಾಯ ಹಸೀ ಇದ್ದಾಗನ ಅವ್ವ ಹೋದ್ಲು. ಬೆಳಿಗ್ಗೆ ಚಾ ಕುಡದು ಗ್ವಾಡಿಗೆ ಒರಗಿದಾಕಿ, ಹಂಗ.

ನಮ್ಮಲ್ಲಿ ಹೆಣದ ಮುಂದ ಮಗಳು ಹಾಡ್ಯಾಡಿ ಅಳಬೇಕು, ಗೊತ್ತಲ್ಲ, ಸತ್ತವರ ಗುಣ ಹೇಳಿ ಹೇಳಿ, ರಾಗ ತಗದು. ನಾ ಬಾಯಿಗೆ ಸೆರಗ ತುರಕ್ಕೊಂಡು ಕುಂತಿದ್ದೆ. ಕಣ್ಣೀರು ಸುರೀತಿದ್ವು, ಅದನ್ನ ಯಾರ ನೋಡ್ತಾರ? ಧಾರವಾಡದಿಂದ ಬಂದ ದೊಡ್ಡವ್ವ, ಅವ್ವನ ಅಕ್ಕ, ಎಲ್ಲಾರ ಎದುರಿಗೆ, 'ಪರದೇಶದ ಹಾಡಿಗೆ ಮುಗಿಲಿಗೆ ಮುಟ್ಟೋ ದನಿ ಅದ, ಹಡದಾಕಿಗೆ ಇಲ್ಲೇನ?' ಅಂದ್ಲು. 'ಡಾಕ್ಟರು ಬ್ಯಾಡಂದಾರ' ಅಂದ ತಮ್ಮ. 'ಸಾಕ್ ಸುಮ್ನಿರೋ!' ಅಂತ ದೊಡ್ಡವ್ವ ಗದರಿಸಿದ್ಲು. ಹೆಂಗಸರೆಲ್ಲಾ ನನ್ನ ಮಾರಿನ ನೋಡಾಕತ್ರು. ನಾ ಬಾಯಿ ತಗದೆ. 'ನನ್ನವ್ವಾ' ಅಂದೆ, ಒಂದ ಸಲ, ಮ್ಯಾಲೆ ಎತ್ತಿ. ಗಂಟಲಾಗ ಚುರ್ ಅಂತು, ಬಾಯಾಗ ರಕ್ತದ ರುಚಿ. ದೊಡ್ಡವ್ವ 'ಹಾಂ, ಈಗ ಮಗಳು' ಅಂದ್ಲು.

ಮುಂಬೈದಾಗ ಬ್ಯಾರೆ ಹುಡುಗಿ ಹಾಡಿದ್ಲು. ಮ್ಯಾಲಿನ ದನಿ ತಿರುಗಿ ಬರಲೇ ಇಲ್ಲ, ಟೀಚರ್ ಪಿಯಾನೊ ಮುಚ್ಚಿ ಅತ್ರು, ನಾ ಟೈಪಿಂಗ್ ಮಾಡಕೋತ ರಿಟೈರ್ ಆದೆ. ಹೊಟ್ಟಿ ಉರಿಯೋದು ಯಾಕ ಅಂದ್ರ, ಆ ಒದರಿದ್ದು ದೊಡ್ಡವ್ವನ ಸಲುವಾಗಿ. ಅವ್ವನ ಸಲುವಾಗಿ ನಾ ಸುಮ್ನ ಕುಂತಾಗನ ಅತ್ತಿದ್ದೆ. ಅದಕ್ಕ ಹೇಳ್ತೀನಿ, ಅಳು ಬಂದ್ರ ಅಳ್ರಿ, ಮಂದಿ ನೋಡ್ತಾರಂತ ಅಳಬ್ಯಾಡ್ರಿ. ನಾಳೆ ನಾ ಹೋದಾಗೂ, ಯಾರರ ಒದರ್ರಿ ಅಂದ್ರ, ಬಾಯಿ ಮುಚ್ಕೊಂಡ ಕುಂಡ್ರಿ.