ಇನ್ನು ನೆನೆಸಬೇಡಿ

ಅಯ್ಯೋ, ಅದನ್ನಲ್ಲ! ಅದನ್ನ ಮುಟ್ಬೇಡ ಕಣೇ, ಅದು ಆಗ್ಲೇ ಫೇಲಾಗಿರೋ ಪಾಟು. ಅದರ ಕಥೆ ಆಮೇಲೆ ಹೇಳ್ತೀನಿ. ನೀನು ಮೊದಲು ಕೂತ್ಕೋ. ಬ್ಯಾಗು ಕೆಳಗಿಡು... ಬೇಡ್ವಾ? ಸರಿ, ಹೆಗಲಲ್ಲೇ ಇರ್ಲಿ. ತಲೆ ಒದ್ದೆಯಾಗಿದೆಯಲ್ಲ, ಟವೆಲ್ ಕೊಡ್ಲಾ? ತುಂತುರು ಅಂತ ಸಸಾರ ಮಾಡ್ಬೇಡ, ನಿಂಗೆ ಬೇಗ ಶೀತ ಆಗುತ್ತೆ... ಬೇಡ್ವಾ. ಆಯ್ತು ಬಿಡು.

ಗೊತ್ತು, ಗೊತ್ತು. ಗಿಡ ತಗೊಂಡು ಹೋಗೋಕೆ ಬಂದಿದೀಯ. ನಿಮ್ಮಣ್ಣ ಫೋನಲ್ಲೇ ಹೇಳಿದ್ನಲ್ಲ. ‘ಭಾವ, ತಂಗಿ ಬರ್ತಾಳೆ, ಅವಳ ಆರ್ಕಿಡ್ ಗಿಡ ತಗೊಂಡು ಹೋಗ್ತಾಳೆ, ಅಷ್ಟೇ.’ ಆ ‘ಅಷ್ಟೇ’ ಅನ್ನೋದನ್ನ ಎಷ್ಟು ಒತ್ತಿ ಹೇಳ್ದ ಅಂತೀಯ! ಮೊಳೆ ಹೊಡೆದ ಹಾಗೆ. ಕೆಳಗೆ ಕಾರಲ್ಲಿ ಕೂತಿದಾನಾ? ಮೇಲೆ ಬಂದ್ರೆ ನಾನೇನು ಕಚ್ತೀನಾ? ಕೂತಿರ್ಲಿ ಬಿಡು. ನಿನ್ನ ಮನೆಗೆ ನೀನು ಬರೋಕೆ... ಸರಿ, ಸರಿ, ಹುಬ್ಬು ಗಂಟು ಹಾಕ್ಬೇಡ. ಗಿಡದ ವಿಷಯ ಮಾತಾಡೋಣ. ಬರೀ ಗಿಡದ ವಿಷಯ. ಆಣೆ.

ಬಾ, ಮೊದಲು ನೋಡು. ಕಿಟಕಿ ಹತ್ರ, ನೀನಿಟ್ಟ ಜಾಗದಲ್ಲೇ ಇದೆ. ಬದುಕಿದೆ! ಎಲೆ ಮುಟ್ಟಿ ನೋಡು, ಗಟ್ಟಿ ಇದೆ. ಬುಡದಲ್ಲಿ ನೋಡು, ಹೊಸ ಬೇರು, ತುದಿ ಹಸಿರು. ನಾನು ತಂದ ಹೊಸ ಗಿಡ ಅಲ್ಲ, ಹಾಗೆ ಅನುಮಾನ ಪಡ್ಬೇಡ. ಆ ಕೆಳಗಿನ ಎಲೆ ಮೇಲೆ ನಿನ್ನ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಗುರುತಿದೆ, ನೋಡ್ಕೋ. ನೋಡಿದ್ಯಾ? ಪ್ಲಂಬರ್ ಕೈಯಲ್ಲಿ ಗಿಡ ಬದುಕುತ್ತಾ ಅಂತ ನಿಮ್ಮಣ್ಣ ನಕ್ಕಿರ್ಬೇಕು. ಬದುಕಿದೆ ಅಂತ ಹೇಳು ಅವನಿಗೆ.

ಆದ್ರೆ ಒಂದು ತೊಂದ್ರೆ. ಈ ಪಾಟು ಸೀಳಿದೆ. ಹೇಗೆ ಸೀಳ್ತು ಅಂತ ನೀನೂ ಕೇಳ್ಬೇಡ, ನಾನೂ ಹೇಳಲ್ಲ... ಹೇಳ್ತೀನಿ, ಹೇಳ್ದೆ ಇರೋಕಾಗಲ್ಲ ನಂಗೆ. ನಾನೇ ಹಾಕಿದ ಪೇಸ್ಟು ನಾನೇ ಕೊರೆಯೋಕೆ ಹೋದೆ. ಹೌದು, ಅದೇ ಪೇಸ್ಟು. ನೀನು ನೀರು ಹಾಕ್ದಾಗೆಲ್ಲ ತಳದಿಂದ ತೊಟ ತೊಟ ಅಂತಿತ್ತಲ್ಲ, ನಂಗೆ ತಡ್ಕೊಳ್ಳೋಕಾಗ್ಲಿಲ್ಲ, ತೂತಿಗೆಲ್ಲ ವಾಟರ್‌ಪ್ರೂಫ್ ಪೇಸ್ಟ್ ಮೆತ್ತಿಬಿಟ್ಟೆ. ಹುಟ್ಟುಗುಣ ಸುಟ್ರೂ ಹೋಗಲ್ಲ. ಜೀವಮಾನವೆಲ್ಲ ಸೋರೋದನ್ನ ನಿಲ್ಸೋದೇ ಕೆಲಸ ಆದೋನಿಗೆ, ಸೋರಲಿ ಅಂತಾನೇ ಮಾಡಿರೋ ತೂತು ಅಂತ ಹೊಳಿಯುತ್ತಾ? ನಿಂಗೆ ಉಪಕಾರ ಮಾಡ್ದೆ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ದೆ ಕಣೇ! ನೀನು ಪಾಟು ತಲೆಕೆಳಗು ಮಾಡಿ ನೋಡ್ದೆ. ಕೊಳೆತ ಬೇರು ಕತ್ತರಿಸಿ ಹಾಕ್ದೆ. ಕೂಗಾಡ್ಲಿಲ್ಲ, ಏನಿಲ್ಲ. ‘ನಿಮಗೆ ಸೋರೋದು ಮಾತ್ರ ಕಾಣ್ಸುತ್ತೆ’ ಅಂದೆ. ಆ ವಾರವೇ ಬಟ್ಟೆ ಜೋಡಿಸ್ಕೊಂಡೆ.

ನೀನು ಹೋದ ಮೇಲೆ ಸೀದಾ ಡ್ರಿಲ್ ತಗೊಂಡೆ. ಮುಚ್ಚಿದೋನೇ ತೆಗೀಬೇಕಲ್ಲ. ಫಳ್ ಅಂತ ಸೀಳ್ತು. ತಂತಿ ಕಟ್ಟಿ ನಿಲ್ಸಿದೀನಿ. ಅದಕ್ಕೇ ಹೇಳ್ತಿರೋದು, ಇದನ್ನ ಹೀಗೇ ಕಾರಲ್ಲಿ ತಗೊಂಡು ಹೋಗೋಕಾಗಲ್ಲ. ಬೇರೆ ಪಾಟಿಗೆ ಹಾಕ್ಲೇಬೇಕು. ಅದಕ್ಕೇ ಈ ಮೇಜು ತುಂಬ ಅಂಗಡಿ. ನೀನೇ ಆರಿಸು.

ಯಾಕೆ ನಗ್ತೀಯ? ನಕ್ಕೆ, ನಕ್ಕೆ, ನಾನು ನೋಡ್ದೆ, ತುಟಿ ಇಷ್ಟೇ ಇಷ್ಟು ಅಲುಗಾಡ್ತು. ನಗು ಪರವಾಗಿಲ್ಲ. ಮನೇಲಿ ನಲ್ಲಿ ವಾಶರ್ ಬದಲಾಯಿಸೋಕೆ ಪುರುಸೊತ್ತಿಲ್ಲದೋನು ಪಾಟಿನ ಅಂಗಡಿ ಇಟ್ಕೊಂಡು ಕೂತಿದಾನೆ ಅಂತ ತಾನೆ?

ಕೇಳು, ಕಿವಿಗೊಟ್ಟು ಕೇಳು... ಏನು ಕೇಳಿಸ್ತು? ಏನೂ ಇಲ್ಲ! ಅಡುಗೆಮನೆ ನಲ್ಲಿ ಸೋರೋದು ನಿಂತಿದೆ. ನೀನು ವರ್ಷಗಟ್ಟಲೆ ಹೇಳ್ದೆ, ಆಮೇಲೆ ಹೇಳೋದೇ ಬಿಟ್ಟೆ. ನೀನು ನಲ್ಲಿ ವಿಷಯ ಮಾತ್ರ ಅಲ್ಲ, ಒಂದೊಂದೇ ವಿಷಯ ಹೇಳೋದು ಬಿಟ್ಟೆ. ನಾನು ಏನಂದ್ಕೊಂಡೆ ಗೊತ್ತಾ? ಪಾಪಿ ನಾನು, ಸದ್ಯ ರಿಪೇರಿ ಆಯ್ತು ಅಂದ್ಕೊಂಡೆ.

ಬೇಡ, ಬೇಡ, ಏಳ್ಬೇಡ! ಆಣೆ ಮಾಡಿದ್ದೆ, ಮರ್ತೆ. ಗಿಡದ ವಿಷಯ. ಬರೀ ಗಿಡದ ವಿಷಯ.

ನೋಡು, ಇದೆಲ್ಲ ಶುರುವಾಗಿದ್ದು ನಿನ್ನ ಮಾತಿಂದಾನೇ. ಅವತ್ತು ಬಾಗಿಲಲ್ಲಿ ನಿಂತು ಒಂದೇ ಒಂದು ಮಾತು ಹೇಳಿ ಹೋದೆ, ‘ಇನ್ನು ನೆನೆಸಬೇಡಿ’ ಅಂತ. ಗಿಡದ ಕಡೆ ನೋಡ್ಕೊಂಡು ಹೇಳ್ದೆ... ಯಾಕೆ ತಲೆ ಎತ್ತಿದೆ? ಗಿಡದ ಕಡೇನೇ ನೋಡ್ತಿದ್ದೆ ನೀನು, ನಂಗೆ ಚೆನ್ನಾಗಿ ಜ್ಞಾಪಕ ಇದೆ. ಬೇರೆ ಯಾವನಾದ್ರೂ ಆಗಿದ್ರೆ ‘ನನ್ನನ್ನ ನೆನೆಸಬೇಡಿ’ ಅಂದ್ಲು ಅಂತ ಅರ್ಥ ಮಾಡ್ಕೊಂಡು ಕುಡಿದು ಬೀದೀಲಿ ಬಿದ್ದಿರೋನು. ನಾನು ಹಾಗಲ್ಲಪ್ಪ. ನಾನು ಕೆಲಸದೋನು. ನೆನೆಸಬೇಡಿ ಅಂದ್ರೆ ಗಿಡವನ್ನ ನೀರಲ್ಲಿ ನೆನೆಸಬೇಡಿ. ಅಷ್ಟೇ. ಅದರಲ್ಲೇನಿದೆ ಒಗಟು?

ಸರಿ, ನೆನೆಸಬಾರದು ತಾನೆ, ತೊಟ್ಟು ನೀರೂ ಹಾಕ್ಲಿಲ್ಲ. ಎಲೆ ಎಲ್ಲ ಬಟ್ಟೆ ಒಗೆದ ಕೈ ಥರ ಸುಕ್ಕಾಯ್ತು. ಹಸಿವಾಗಿರ್ಬೇಕು ಪಾಪ ಅಂತ ಮಣ್ಣು ತಂದೆ. ಹೌದು ಕಣೇ, ಮಣ್ಣು! ತೋಟದ ಮಣ್ಣು! ಬರೀ ಇದ್ದಿಲಲ್ಲಿ ಸಿಕ್ಕಿಸಿಟ್ಟಿದೀಯಲ್ಲ, ಹಣೆ ಚಚ್ಕೊಂಡೆ, ಇವಳು ಗಿಡಾನ ಉಪವಾಸ ಕೆಡವಿದಾಳೆ ಅಂತ. ಈ ದೊಡ್ಡ ಪಾಟು ಇದೆಯಲ್ಲ, ನೀನು ಮುಟ್ಟೋಕೆ ಹೋಗಿದ್ದು, ಇದರ ತುಂಬ ಮಣ್ಣು ಹಾಕಿ ಮಹಾರಾಣಿ ಥರ ಕೂರಿಸ್ದೆ. ಒಂದು ವಾರಕ್ಕೆ ಎಲೆ ಹಳದಿ ಆಗೋಕೆ ಶುರು. ನಾನು ಗಿಡ ಎತ್ಕೊಂಡು ಓಡಿದ್ದು ನೋಡ್ಬೇಕಿತ್ತು, ಮಗೂಗೆ ಜ್ವರ ಬಂದ ಹಾಗೆ! ಗಿಡದ ಅಂಗಡಿಯಾಕೆ ಏನಂದ್ಲು ಗೊತ್ತಾ? ‘ಯಾರ್ರೀ ಇದನ್ನ ಹೂತಿದ್ದು?’ ಅಂದ್ಲು. ನೆಟ್ಟಿದ್ದು ಅನ್ನಲಿಲ್ಲ. ಹೂತಿದ್ದು! ಅವತ್ತೇ ಮಣ್ಣೆಲ್ಲ ತೊಳೆದು, ಮತ್ತೆ ಈ ತಂತಿ ಕಟ್ಟಿದ ಪಾಟಿಗೇ ತಂದು ಹಾಕ್ದೆ.

ಆರ್ಕಿಡ್‌ಗೆ ಮಣ್ಣು ಬೇಡ್ವಂತೆ. ಮರದ ಮೇಲೆ ಬೇರು ಬಿಟ್ಕೊಂಡು ಗಾಳೀಲಿ ಬದುಕೋ ಜಾತಿ. ಹಿಡ್ಕೊಳ್ಳೋಕೆ ಏನಾದ್ರೂ ಇರ್ಬೇಕು, ಉಸಿರಾಡೋಕೆ ಜಾಗ ಇರ್ಬೇಕು, ಬಂದ ನೀರು ಹೋಗೋಕೆ ದಾರಿ ಇರ್ಬೇಕು. ಅಷ್ಟಿದ್ರೆ ಬದುಕುತ್ತೆ ಅಂದ್ಲು. ದೊಡ್ಡ ಪಾಟೂ ಬೇಡ್ವಂತೆ. ಬೇರಿಗೆ ತಕ್ಕಷ್ಟು, ಸ್ವಲ್ಪ ಇಕ್ಕಟ್ಟಾಗೇ ಇರ್ಬೇಕಂತೆ. ನಾನು ನಿಂಗೆ ಹೇಳ್ತಾನೇ ಇದ್ನಲ್ಲ, ‘ದೊಡ್ಡ ಮನೆ ಮಾಡೋಣ, ಎಲ್ಲ ಸರಿ ಹೋಗುತ್ತೆ’ ಅಂತ? ಆಕೆ ಗಿಡದ ಬಗ್ಗೆ ಹೇಳ್ತಿದ್ಲು, ನನ್ನ ಮುಖಕ್ಕೇ ಹೊಡೆದ ಹಾಗಾಗ್ತಿತ್ತು.

ಹ್ಞಾ, ಅದು... ಕೈಗೆ ತಗೊಂಡ್ಯಲ್ಲ, ಅದು ಗಾಜಿನ ಬಟ್ಟಲು. ಚಂದ ಇದೆ ಅಂತ ತಂದೆ. ತಳದಲ್ಲಿ ತೂತಿಲ್ಲ. ಮತ್ತೆ ಅದೇ ತಪ್ಪು, ಬಿಡು, ಕಾಯಿ ಹಾಕಿಡೋಕಾಗುತ್ತೆ. ಇದು ಸುಟ್ಟ ಮಣ್ಣಿನ ಪಾಟು, ಪಕ್ಕಕ್ಕೆಲ್ಲ ತೂತು. ನೀರು ನಿಲ್ಲಲ್ಲ, ಆದ್ರೆ ಬೇರು ಗೋಡೆಗೆ ಅಂಟ್ಕೊಂಡ್ರೆ ಆಮೇಲೆ ಕಿತ್ರೂ ಬರಲ್ವಂತೆ. ನಂಗೆ ಇದು ಇಷ್ಟ. ಇದು ಮರದ ಪಟ್ಟಿ ಬುಟ್ಟಿ, ನೇತು ಹಾಕೋದು, ಬೇಗ ಒಣಗುತ್ತೆ, ದಿನಾ ನೋಡ್ಕೊಳ್ಳೋಕೆ ಜನ ಬೇಕು. ನಿಮ್ಮಣ್ಣನ ಮನೇಲಿ ಯಾರು ನೋಡ್ತಾರೆ? ನೀನು ಬೆಳಿಗ್ಗೆ ಹೂವಿನ ಅಂಗಡಿ ಕೆಲಸಕ್ಕೆ ಹೋದ್ರೆ ಬರೋದು ಸಂಜೆ. ಇಲ್ಲಾದ್ರೆ ನಾನು... ಸರಿ. ಇದು ಪ್ಲಾಸ್ಟಿಕ್ಕು, ಆಚೆ ಈಚೆ ಕಾಣೋ ಅಂಥದ್ದು. ಬಡವರ ಪಾಟು ಅಂತ ಮೂಗು ಮುರೀಬೇಡ. ಒಳಗಿನ ಬೇರೆಲ್ಲ ಕಾಣುತ್ತೆ. ಬೇರು ಹಸಿರಿದ್ರೆ ನೀರಿದೆ ಅಂತ, ಬೆಳ್ಳಗಾದ್ರೆ ಬೇಕು ಅಂತ. ಬಾಯಿ ಬಿಟ್ಟು ಕೇಳದೇ ಇರೋರ ವಿಷಯದಲ್ಲಿ ಇದು ಎಷ್ಟು ಅನುಕೂಲ ನೋಡು. ಮನುಷ್ಯರಿಗೂ ಇಂಥದ್ದೊಂದು ಮಾಡಿದ್ರೆ... ಆಯ್ತು, ಆಯ್ತು, ಸುಮ್ಮನಾದೆ.

ಒಳಗೆ ತುಂಬೋಕೆ ಇಲ್ಲಿದೆ. ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆ ತುಂಡು, ಮರದ ತೊಗಟೆ, ಇದು ಒಣಗಿದ ಪಾಚಿ. ಎಲ್ಲದರ ಮೇಲೂ ಒಂದೊಂದು ಚೊಂಬು ನೀರು ಸುರಿದು ನೋಡಿದೀನಿ, ಯಾವುದರಲ್ಲಿ ಎಷ್ಟು ಹೊತ್ತು ತೇವ ಇರುತ್ತೆ ಅಂತ. ಪೈಪ್ ಹಾಕಿದ ಮೇಲೆ ನೀರು ಬಿಟ್ಟು ನೋಡ್ತೀವಲ್ಲ, ಹಾಗೆ. ಬಚ್ಚಲೆಲ್ಲ ತೊಗಟೆ! ಕೊನೆಗೆ ಆ ಅಂಗಡಿಯಾಕೆ ಒಂದೇ ಮಾತು ಕೇಳಿದ್ಲು. ‘ನೀವು ನೀರು ಹಾಕೋದು ಮರೆಯೋರಾ, ಜಾಸ್ತಿ ಹಾಕೋರಾ? ಮರೆಯೋರಾದ್ರೆ ಪಾಚಿ ತಗೊಳ್ಳಿ, ಜಾಸ್ತಿ ಹಾಕೋರಾದ್ರೆ ತೊಗಟೆ.’ ಇರೋ ತನಕ ಮರೆತೋನು, ಹೋದ ಮೇಲೆ ಸುರಿಯೋನು... ಅಂಥೋನಿಗೆ ಏನು ಕೊಡ್ತೀರಾ ಅಂತ ಕೇಳ್ದೆ. ಆಕೆ ಎರಡೂ ಕಟ್ಟಿ ಕೊಟ್ಲು.

ಅದು ನಿಮ್ಮಣ್ಣನ ಹಾರ್ನು. ಹೊಡೀಲಿ, ಹೊಡೀಲಿ! ಆ ಕಿಟಕಿಯಿಂದ ಕೈ ಬೀಸು, ಬರ್ತೀನಿ ಅಂತ... ಬರ್ತೀಯೋ ಇಲ್ವೋ ಗಿಡ ಹೇಳ್ಬೇಕು. ಯಾಕಂದ್ರೆ ಇನ್ನೊಂದು ವಿಷಯ ಇದೆ. ಹೊಸ ಪಾಟಿಗೆ ಹಾಕಿದ ಮೇಲೆ ಅಲುಗಾಡಿಸೋ ಹಾಗಿಲ್ಲ. ಬೇರು ಕಚ್ಕೊಳ್ಳೋ ತನಕ ಇದ್ದ ಕಡೆ ಇರ್ಬೇಕು. ನಾನು ಹುಟ್ಟಿಸ್ಕೊಂಡು ಹೇಳ್ತಿಲ್ಲ, ಆಕೇನೇ ಹೇಳಿದ್ದು. ಕಾರಲ್ಲಿ ಹಾಕ್ಕೊಂಡು ಕುಲುಕಾಡಿಸಿದ್ರೆ ಹೊಸ ಬೇರಿನ ತುದಿ ಉದುರಿ ಹೋಗುತ್ತೆ. ಅದಕ್ಕೆ... ಅದಕ್ಕೆ ನಾನು ಹೇಳ್ತಿದ್ದಿದ್ದು... ಇವತ್ತು ಪಾಟು ಬದಲಾಯಿಸು. ಕಚ್ಕೊಳ್ಳೋ ತನಕ ನೀನೂ ಇಲ್ಲೇ ಇರು. ಗಿಡಕ್ಕೋಸ್ಕರ. ನಾನು ಒಂದು ಮಾತೂ ಆಡಲ್ಲ. ಬೇಕಾದ್ರೆ ನಾನು ಹೊರಗಿನ ಕೋಣೇಲಿ ಸಾಮಾನಿನ ಮಧ್ಯೆ ಮಲ್ಕೋತೀನಿ. ನೀನು ಮಾತಾಡ್ಬೇಡ, ನಿಂಗೆ ಬೇಡ ಅಂದ್ರೆ ಮುಖಾನೂ ನೋಡ್ಬೇಡ. ಗಿಡ ನೋಡ್ಕೊಂಡಿರು. ಆಮೇಲೆ ಹೋಗೋದಾದ್ರೆ ಹೋಗು. ಕೈ ಮುಗೀತೀನಿ ಕಣೇ, ನಂಗೆ ಆಗ್ತಿಲ್ಲ. ಮನೆಗೆ ಬಂದು ಬೀಗ ತೆಗೆದ್ರೆ ಒಂದು ತೊಟ್ಟು ಸದ್ದಿಲ್ಲ. ಆ ನಲ್ಲಿ ಯಾಕಾದ್ರೂ ರಿಪೇರಿ ಮಾಡಿದ್ನೋ ಅನ್ಸುತ್ತೆ.

ಹ್ಞಾ... ತಂತಿ ಬಿಚ್ತಿದೀಯಾ? ಬಿಚ್ಚು, ಬಿಚ್ಚು! ಇಕ್ಕಳ ಕೊಡ್ಲಾ? ಅಬ್ಬ, ಸದ್ಯ... ಯಾವುದಕ್ಕೆ ಹಾಕ್ತೀಯ? ಮಣ್ಣಿನದಕ್ಕಾ? ನಾನು ಹೇಳ್ಳಿಲ್ವಾ ಅದೇ ಸರಿ ಅಂತ! ತೊಗಟೆ ಆಗ್ಲೇ ತೊಳೆದಿಟ್ಟಿದೀನಿ. ಮೆಲ್ಲಗೆ... ಮೆಲ್ಲಗೆ ಎಳಿ... ಬಂತು. ಎಷ್ಟು ಚಂದ ಬಿಡಿಸ್ತೀಯ ನೀನು, ನಿನ್ನ ಕೈಯೇ ಬೇರೆ. ಇನ್ನು ತೊಗಟೆ...

ಪೇಪರ್ ಯಾಕೆ? ಹಳೇ ಪೇಪರ್ ಯಾಕೆ ತಗೊಂಡೆ? ಅದು ಮೇಜಿಗೆ ಹಾಸಿದ್ದು. ಬೇರಿಗೆ ಯಾಕೆ ಸುತ್ತುತೀಯ... ಏನು ಮಾಡ್ತಿದೀಯ ನೀನು? ಪಾಟಿಲ್ದೆ... ಹಾಗೇನಾ? ಪಾಟೇ ಬೇಡ್ವಾ ಇದಕ್ಕೆ?

ಬೇಡ್ವಂತೆ. ಹಾಗೇ ಒಯ್ಯಬಹುದಂತೆ. ಗಾಳೀಲಿ ಬದುಕೋ ಜಾತಿ ಅಂತ ನಾನೇ ಹೇಳ್ದೆ ಅಲ್ವಾ, ಈಗ ತಾನೆ, ಈ ಬಾಯಲ್ಲೇ.

ತಾಳು. ಒಂದು ನಿಮಿಷ ತಾಳು. ಬಾಗಿಲಿಗೆ ಅಡ್ಡ ನಿಲ್ಲಲ್ಲ, ನೋಡು, ಇಲ್ಲೇ ನಿಂತಿದೀನಿ. ಒಂದು ಮಾತು ಹೇಳಿ ಹೋಗು. ಅವತ್ತು ನೀನು ‘ಇನ್ನು ನೆನೆಸಬೇಡಿ’ ಅಂದಿದ್ದು ಗಿಡಕ್ಕೇ ತಾನೆ? ಹ್ಞೂಂ ಅನ್ನು ಸಾಕು. ತಲೆ ಆಡಿಸು ಸಾಕು. ಗಿಡಾನ ನೀರಲ್ಲಿ ನೆನೆಸಬೇಡಿ ಅಂತ ತಾನೆ? ಅದಕ್ಕೇ ತಾನೆ ನಾನು ಇಷ್ಟೆಲ್ಲ... ಊರೆಲ್ಲ ಅಲೆದು... ಹೇಳೇ. ಸುಳ್ಳಾದ್ರೂ ಹೇಳು.

ಹಾಗೆ ನೋಡ್ಬೇಡ.

ಹಾಗೆ ನೋಡ್ಬೇಡ ಅಂದ್ನಲ್ಲ! ಅವತ್ತೂ ಹೀಗೇ ನೋಡ್ದೆ. ಗಿಡ ನಿನ್ನ ಬೆನ್ನ ಹಿಂದೆ ಇತ್ತು. ನೀನು ಅದರ ಕಡೆ ತಿರುಗ್ಲೇ ಇಲ್ಲ... ನನ್ನ ಮುಖಾನೇ ನೋಡ್ಕೊಂಡು ಹೇಳ್ದೆ. ಗೊತ್ತಿತ್ತು ಕಣೇ. ಅವತ್ತೇ ಗೊತ್ತಿತ್ತು. ನೀನು ಮೆಟ್ಟಿಲು ಇಳಿಯೋಕೆ ಮುಂಚೆಯೇ ಗೊತ್ತಿತ್ತು. ಅದನ್ನ ಒಪ್ಕೊಂಡ್ರೆ ಮಾರನೇ ದಿನ ಏಳೋದು ಯಾಕೆ, ಹೇಳು? ಗಿಡದ ಮಾತು ಅಂದ್ಕೊಂಡ್ರೆ ಒಂದು ಕೆಲಸ ಇತ್ತು.

ಹೋಗು. ಹೋಗು, ಅವನು ಕಾಯ್ತಿದಾನೆ. ಇಲ್ಲ, ನಾನು ಕೆಳಗೆ ಬರಲ್ಲ. ಮೆಟ್ಟಿಲು ಒದ್ದೆ ಇದೆ, ಹುಷಾರು. ಬೇರು ಎದೆಗೆ ಒತ್ಕೋಬೇಡ, ಮುರಿಯುತ್ತೆ.

ಏಯ್... ಕೇಳಿಲ್ಲಿ. ಮಳೆ ಜೋರಾಯ್ತು ನೋಡು. ಇನ್ನು ನೆನೀಬೇಡ.

ಗಿಡಕ್ಕೆ ಹೇಳಿದ್ದು ಕಣೇ. ಗಿಡಕ್ಕೆ.