ಫೋಟೋಗಳ ಬೆನ್ನಿಗೆ ಬಳಿದ ಗೋಂದು

ಅಕ್ಕನ ಶ್ರದ್ಧಾಂಜಲಿ ಸಭೆಗೆ ಬಂದ ಹಿರಿಯರಿಗೆ, ಮುಂದಿನ ಸಾಲಿನಲ್ಲಿರುವ ಅಕ್ಕನ ಯಜಮಾನರಿಗೆ, ಮಗಳಿಗೆ ನಮಸ್ಕಾರ. ನಾನು ಈ ಪ್ರಾಣಿ ದಯಾ ಸಂಘದ ಗಾಡಿ ಡ್ರೈವರ್. ಮೂವತ್ತೊಂದು ವರ್ಷದಿಂದ ಗಾಯಗೊಂಡ ಪ್ರಾಣಿಗಳನ್ನು ಹೊತ್ತು ತರುವವನು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನ ಮಾತು ಒರಟು. ಬೇಸರವಾದರೆ ಆಗಲಿ.

ಅಕ್ಕ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಆದರೂ ಎಲ್ಲರಿಗೂ — ನನಗೂ — ಅವಳು ಫೋಟೋ ಅಕ್ಕ. ಇಪ್ಪತ್ತೆಂಟು ವರ್ಷ, ನಾನು ತಂದ ಪ್ರತಿ ಪ್ರಾಣಿಯ ಫೋಟೋ ತೆಗೆದಳು. ಪ್ರಿಂಟ್ ಬಂದ ಕೂಡಲೇ ಅದನ್ನು ಮಗುಚಿ ಹಾಕಿ, ಪೆನ್ಸಿಲ್ ಹಿಡಿದು ಕೂರುತ್ತಿದ್ದಳು.

"ಹೇಳಣ್ಣ, ಎಲ್ಲಿ ಸಿಕ್ತು? ಏನಾಗಿತ್ತು?"

"ಅದನ್ನೆಲ್ಲ ಬರೀಬೇಕಾ?"

"ಮುಖ ನೋಡಿ ಎಲ್ಲರೂ ಎಷ್ಟು ಚೆಂದ ಅಂತಾರೆ. ಈ ಗತಿ ಹೆಂಗೆ ಬಂತು ಅಂತಾನೂ ಗೊತ್ತಾಗ್ಲಿ."

ನೀರುನಾಯಿ ನನ್ನ ಬೆರಳು ಕಚ್ಚಿದ್ದನ್ನೂ ಬಿಡಲಿಲ್ಲ. "ಡ್ರೈವರ್ ಕಿರುಚಿದ, ಪ್ರಾಣಿ ಸುಮ್ಮನಿತ್ತು" ಅಂತ ಬರೆದಿಟ್ಟಳು! — ನಗಿ, ಪರವಾಗಿಲ್ಲ. ಅವಳೂ ನಕ್ಕಿದ್ದಳು.

ಬಾಗಿಲ ಪಕ್ಕದ ಆ ಗೂಬೆಯ ಫೋಟೋ ನೋಡಿ. ಏನು ಕಣ್ಣು! ಆ ಫೋಟೋದ ಬೆನ್ನಿಗೆ ಏನು ಬರೆದಿದ್ದಳು ಗೊತ್ತಾ? ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಹರಿದಿತ್ತು, ವಾಸಿಯಾಗುತ್ತಿತ್ತು, ನಮ್ಮ ಪಂಜರದ ತಂತಿ ಚುಚ್ಚಿ ಸತ್ತಿತು, ತಪ್ಪು ನಮ್ಮದು. — ತಪ್ಪು ನಮ್ಮದು! ಅದನ್ನು ಓದಿದ ಮೇಲೆಯೇ ಸಂಘ ಪಂಜರಗಳನ್ನೆಲ್ಲ ಬದಲಿಸಿದ್ದು. ಈ ಸಂಘಕ್ಕೆ ಬೇರೆ ಚರಿತ್ರೆ ಎಲ್ಲಿದೆ ಸ್ವಾಮಿ? ವರದಿ ಪುಸ್ತಕ ತೆಗೆದರೆ ಅಧ್ಯಕ್ಷರು ರಿಬ್ಬನ್ ಕತ್ತರಿಸಿದ್ದು ಬಿಟ್ಟು ಇನ್ನೇನಿದೆ?

ನಿನ್ನೆ ಅವಳ ನೆನಪಿಗೆಂದು ಅರವತ್ತು ಫೋಟೋಗಳನ್ನು ಈ ಬೋರ್ಡುಗಳಿಗೆ ಅಂಟಿಸಿದರು. ಬೆನ್ನ ತುಂಬ ಗೋಂದು ಬಳಿದು! ನಾನು ಕೂಗಾಡಿದೆ. ಕಾರ್ಯದರ್ಶಿಗಳು, "ಹಿಂದ್ಗಡೆ ಯಾರು ನೋಡ್ತಾರೆ ಬಿಡಿ ಯಜಮಾನ್ರೇ" ಅಂದರು. ಇಪ್ಪತ್ತೆಂಟು ವರ್ಷ ಬರೆದದ್ದನ್ನು — ಯಾರು ನೋಡ್ತಾರೆ! ತಲೆ ತಗ್ಗಿಸಬೇಡಿ ಸಾರ್, ನಿಮಗೇ ಹೇಳುತ್ತಿರುವುದು.

ಆ ಗೋಂದಿನ ಡಬ್ಬ ತಂದವನು ಯಾರು? — ನಾನೇ. ತನ್ನಿ ಅಂದರು, ತಂದೆ. ಊರಿಗೆಲ್ಲ ರೇಗುವವನು, ಇದು ಯಾತಕ್ಕೆ ಅಂತ ಒಂದು ಮಾತು ಕೇಳಲಿಲ್ಲ. ಇವತ್ತು ಬೆಳಿಗ್ಗೆ ಗೂಬೆಯ ಒಂದು ಮೂಲೆ ಎಬ್ಬಿಸಿ ನೋಡಿದೆ. ಕಾಗದ ಸಿಪ್ಪೆಸಿಪ್ಪೆಯಾಗಿ ಕಿತ್ತು ಬಂತು. ಅಲ್ಲಿಗೇ ಬಿಟ್ಟೆ.

ಉಳಿದ ಐದು ಪೆಟ್ಟಿಗೆ ಫೋಟೋಗಳನ್ನು ನಾಳೆ ಅಂಟಿಸುತ್ತಾರಂತೆ. ಅಂಟಿಸಲಿ ನೋಡೋಣ! ಪೆಟ್ಟಿಗೆಗಳು ನನ್ನ ಗಾಡಿಯಲ್ಲಿವೆ. ಗಾಡಿಯ ಬೀಗದ ಕೈ — ಇಗೋ — ಇಲ್ಲಿದೆ. ಇದು ಅಕ್ಕನ ಮಗಳಿಗೆ. ಹಿಡಿ ಮಗಳೇ. ಅಳು ಆಮೇಲೆ. ಪೆಟ್ಟಿಗೆಯಲ್ಲಿರುವುದನ್ನು ನೀನು ಓದು. ಬೋರ್ಡಿಗೆ ಹೋದ ಅರವತ್ತೂ ನನಗೆ ನೆನಪಿವೆ. ಪೆನ್ಸಿಲ್ ತೆಗೆದುಕೊಂಡು ಬಾ. ನಾನು ಹೇಳುತ್ತೇನೆ, ನೀನು ಬರಿ.

ಈಗ ಎರಡು ನಿಮಿಷ ಅವಳಿಗಾಗಿ ಎಲ್ಲರೂ ಎದ್ದು ನಿಲ್ಲಿ. ಎದ್ದವರೆಲ್ಲ ನನ್ನ ಮಾತಿಗೆ ಒಪ್ಪಿದ ಹಾಗೆ. ಒಪ್ಪದವರು ಕೂತೇ ಇರಬಹುದು. — ಕಾರ್ಯದರ್ಶಿಗಳೇ, ಎದ್ದಿರಾ? — ಸರಿ. ಇನ್ನು ಯಾರೂ ಮಾತಾಡಬೇಡಿ. ನಾನೂ ಬಾಯಿ ಮುಚ್ಚುತ್ತೇನೆ.