ಮಂಗನ ಕೊಕ್ಕೆ ನನ್ನಲ್ಲಿಲ್ಲ

ಇಂದಿನ ಸಭೆಯ ಅಧ್ಯಕ್ಷರೂ ನಮ್ಮೂರ ಹನುಮಪ್ಪನ ಗುಡಿಯ ಹಿರಿಯರೂ ಆದ ನಿಜಲಿಂಗಪ್ಪನವರೇ, ಬ್ಯಾಡಗಿಯಿಂದ, ಹಾವೇರಿಯಿಂದ ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ಯುವಕ ಸಂಘದ ಗೆಳೆಯರೇ, ನನ್ನನ್ನು ಚಿಕ್ಕಂದಿನಿಂದ ನೋಡಿರುವ ಸಭಿಕರೇ,

ಈಗಷ್ಟೇ ಹೊದಿಸಿದ ಶಾಲನ್ನು ಮಡಚಿ ಮೇಜಿನ ಮೇಲೆ ಇಟ್ಟಿದ್ದೇನೆ. ಸೆಕೆಗೆ ತೆಗೆದಿಟ್ಟ ಎಂದು ತಿಳಿಯಬೇಡಿ. ನಿರೂಪಕರು ನನ್ನನ್ನು ‘ಹನುಮಪ್ಪನ ಕೃಪೆಯಿಂದ ಎಚ್‌ಐವಿ ಗೆದ್ದ ಮೈಲಾರಿ’ ಎಂದು ಪರಿಚಯಿಸಿದರು. ನೀವು ಚಪ್ಪಾಳೆ ತಟ್ಟಿದಿರಿ. ಅದು ನಿಲ್ಲುವವರೆಗೆ ನಾನು ತಲೆ ತಗ್ಗಿಸಿ ನಿಂತದ್ದು ವಿನಯದಿಂದಲ್ಲ, ನಾಚಿಕೆಯಿಂದ. ನಾನು ಏನನ್ನೂ ಗೆದ್ದಿಲ್ಲ. ಆ ವೈರಸ್ಸು ಇವತ್ತಿಗೂ ನನ್ನ ಮೈಯಲ್ಲಿದೆ. ನಿನ್ನೆ ಮಾತ್ರೆ ನುಂಗಿದ್ದೇನೆ, ಇವತ್ತೂ ನುಂಗುತ್ತೇನೆ.

ಅಧ್ಯಕ್ಷರು ‘ಎರಡು ಮಾತು ಆಡಪಾ, ಸಾಕು’ ಎಂದಿದ್ದರು. ಎರಡರಲ್ಲಿ ಮುಗಿಯುವುದಿಲ್ಲ, ಮನ್ನಿಸಬೇಕು.

ಹುಟ್ಟುವಾಗಲೇ ಅವ್ವನಿಂದ ನನಗಿದು ಬಂತು. ಊರಿಗೆ ಗೊತ್ತಿಲ್ಲದ್ದೇನಲ್ಲ. ಅವ್ವ ತೀರಿದ ಮೇಲೆ ಸಾಕಿದವಳು ಅಜ್ಜಿ ಉಚ್ಚಂಗೆವ್ವ. ಶಾಲೆಯ ಬಿಸಿಯೂಟಕ್ಕೆ ನನ್ನ ತಟ್ಟೆ ಬೇರೆ, ಕೂರುವ ಜಾಗ ಬೇರೆ. ಎಂಟನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಗಣಿತ ತಲೆಗೆ ಹತ್ತಲಿಲ್ಲ ಎಂದು ಹೇಳಿಕೊಂಡು ತಿರುಗಿದೆ. ಹತ್ತುತ್ತಿರಲಿಲ್ಲ, ಅದು ಖರೆ. ಆದರೆ ಬಿಟ್ಟದ್ದು ತಟ್ಟೆಯ ಸಲುವಾಗಿ. ಆಮೇಲೆ ರಾಣೆಬೆನ್ನೂರಿನ ಗ್ಯಾರೇಜು, ಹಾವೇರಿಯ ಹೋಟೆಲು, ಎಲ್ಲಿಯೂ ಕಾಲು ನಿಲ್ಲಲಿಲ್ಲ. ಈಗ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುತ್ತೇನೆ.

ಹೋದ ವರ್ಷ ಗುಡಿಯ ಮುಂದೆ ಬಾಳೆಹಣ್ಣು ಕೊಡುವಾಗ ಮಂಗ ನನ್ನ ಕೈ ಕಚ್ಚಿತು. ಕೆಲವು ತಿಂಗಳ ನಂತರ ರಾಣೆಬೆನ್ನೂರಿನ ಚಿಕಿತ್ಸಾ ಕೇಂದ್ರದಲ್ಲಿ ಸಿಸ್ಟರ್ ಹೇಳಿದರು: ‘ಮೈಲಾರಿ, ನಿನ್ನ ರಕ್ತದಾಗ ವೈರಸ್ಸು ಈಗ ಕಾಣವಲ್ದು. ಮಾತ್ರಿ ಕೆಲಸಾ ಮಾಡ್ಯಾವ. ಬಿಟ್ಟಿ ಅಂದ್ರ ಮತ್ತ ಏಳತೈತಿ ನೋಡು.’ ಮನೆಗೆ ಬಂದು ಹೇಳಿದೆ. ಅಜ್ಜಿ ಮೊದಲ ಮಾತು ಕೇಳಿದವಳೇ ಕಾಯಿ ಒಡೆಸಲು ಗುಡಿಗೆ ಓಡಿದಳು. ಅಲ್ಲಿ ಯಾರೋ ಅಂದರು: ‘ಹೌದಲ್ಲ, ಇವಗ ಮಂಗ್ಯಾ ಕಡದಿತ್ತು.’

ಅದೇ ವಾರ ಧಾರವಾಡದಲ್ಲಿ ಸಂಶೋಧನೆ ಮಾಡುವ ನಮ್ಮೂರ ದೀಪಿಕಾ ರಜೆಗೆ ಬಂದಿದ್ದಳು. ಏನು ಓದುತ್ತೀ ಎಂದು ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೇಳಿದರು. ಪಾಪ, ಅವಳು ನಮಗೆ ತಿಳಿಯುವ ಹಾಗೆ ಹೇಳಿದಳು.

‘ಈ ಎಚ್‌ಐವಿ ವೈರಸ್ಸು ಜೀವಕೋಶದ ಒಳಗ ಹೋಗೂವಾಗ ಒಂದು ಚೀಲದಾಗ ಕುಂತು ಹೋಗತೈತ್ರಿ. ಉತ್ತರದ ಕಡೆ ಒಂದು ಜಾತಿ ಮಂಗ್ಯಾ ಅದಾವ. ಅವುಗಳ ಜೀವಕೋಶದಾಗ ಟ್ರಿಮ್ ಫೈವ್ ಅಂತ ಒಂದು ಪ್ರೋಟೀನ್ ಐತಿ. ಹಮಾಲರ ಕೊಕ್ಕಿ ಇದ್ದಂಗ. ಚೀಲಾ ಒಳಗ ಬಂದಕೂಡ್ಲೇ ಹಿಡದು ಹರದು ಒಗಿತೈತಿ. ಆ ಪ್ರೋಟೀನ್ ನಮ್ಮಲ್ಲೂ ಐತಿ. ಆದ್ರ ನಮ್ಮ ಕೊಕ್ಕಿ ಈ ಚೀಲದ ಮ್ಯಾಲ ಜಾರತೈತಿ.’

‘ಅಂದ್ರ ಮಂಗ್ಯಾ ಕಡದ್ರ ಆ ಕೊಕ್ಕಿ ನಮಗ ಬರತೈತಿ’ ಎಂದರು ಅಧ್ಯಕ್ಷರು.

‘ಇಲ್ರಿ ಕಾಕಾ. ಅದು ಅವುಗಳ ಜೀವಕೋಶದ ಒಳಗ ತಯಾರ ಆಗೂದು. ಕಡದ್ರ ಬರೂದಿಲ್ಲ, ತಿಂದ್ರ ಬರೂದಿಲ್ಲ. ಕುದುರಿಗೆ ಬರೂ ಒಂದು ವೈರಸ್ಸನ್ನ ನಮ್ಮ ಕೊಕ್ಕಿ ಹಿಡಿತೈತಿ. ಹಂಗಂತ ಕುದುರಿಗೆ ಜಡ್ಡು ಬಂದ್ರ ನಮ್ಮ ಎಂಜಲಾ ತಿನಸ್ತೀರೇನು?’

ಎಲ್ಲರೂ ನಕ್ಕರು. ನಕ್ಕು, ನನ್ನ ಕಡೆ ನೋಡಿದರು. ಆ ಹುಡುಗಿಯ ಮಾತು ನನಗೆ ಪೂರ್ತಿ ತಿಳಿದಿತ್ತು. ಚೀಲ, ಕೊಕ್ಕೆ ನನಗೆ ತಿಳಿಯದೇ? ‘ನಾ ಮಾತ್ರಿ ತಗೋತೀನ್ರಿ’ ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ? ಆ ಮಧ್ಯಾಹ್ನ ಗುಡಿಯಲ್ಲಿ ಊಟವಿತ್ತು. ನಿಜಲಿಂಗಪ್ಪನವರು ಪಂಕ್ತಿಯಿಂದಲೇ ಕೈ ಬೀಸಿದರು. ‘ಬಾರಪಾ ಮೈಲಾರಿ, ನನ್ನ ಮಗ್ಗಲಾಗ ಕುಂದರು.’ ತಮ್ಮ ಎಲೆಯ ಹೋಳಿಗೆ ಮುರಿದು ನನ್ನ ಎಲೆಗೆ ಹಾಕಿದರು. ಅಜ್ಜಿಯನ್ನು ಬಿಟ್ಟರೆ ಬೇರೆ ಯಾರ ಕೈಯ ತುಂಡೂ ನನ್ನ ಎಲೆಗೆ ಬಿದ್ದಿರಲಿಲ್ಲ. ಅಷ್ಟೇ, ಸಭಿಕರೇ. ಒಂದು ತುಂಡು ಹೋಳಿಗೆಗೆ ಬಾಯಿ ಮುಚ್ಚಿಕೊಂಡೆ.

ಆಮೇಲೆ ಮದುವೆಗೆ ಕರೆದಿರಿ, ತೊಟ್ಟಿಲ ಕಾರ್ಯಕ್ಕೆ ಕರೆದಿರಿ, ಕೂಸನ್ನು ಕೈಗೆ ಕೊಟ್ಟಿರಿ. ನಾನು ಮಾತ್ರೆ ಬಿಟ್ಟಿದ್ದೇನೆಂದೇ ಎಲ್ಲರೂ ತಿಳಿದಿರಿ, ನಾನು ಮಾತ್ರ ಹಿತ್ತಲಿಗೆ ಹೋಗಿ ನುಂಗಿ ಬರುತ್ತಿದ್ದೆ. ಎರಡನೇ ಸಾಲಿನಲ್ಲಿ ಕೂತಿರುವ ನನ್ನ ಅಜ್ಜಿಗೂ ಇದು ಈಗಲೇ ಗೊತ್ತಾಗುತ್ತಿರುವುದು. ಸುದ್ದಿ ಹಬ್ಬಿ ಪರ ಊರಿನವರು ಬಂದು ಮಂಗಗಳಿಗೆ ಹಣ್ಣು ಹಾಕಿ, ಅವು ಕಚ್ಚಿ ಬಿಟ್ಟ ಅರ್ಧವನ್ನು ಪ್ರಸಾದವೆಂದು ತಿನ್ನತೊಡಗಿದರು. ನಮ್ಮೂರ ಮಂಗಗಳು ಈಗ ಗಿಡ ಹತ್ತಲಾರದಷ್ಟು ದಪ್ಪಗಾಗಿವೆ. ನೀವು ನಗುತ್ತೀರಿ. ನಾನೂ ನಗುತ್ತಿದ್ದೆ, ಹೋದ ಶುಕ್ರವಾರದ ತನಕ.

ಚಿಕಿತ್ಸಾ ಕೇಂದ್ರದಲ್ಲಿ ನನ್ನ ಹಾಗೆಯೇ ಮಾತ್ರೆಗೆ ಬರುತ್ತಿದ್ದ ಒಬ್ಬ ತಾಯಿ ಇದ್ದಾರೆ. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಈ ಸಭೆಯಲ್ಲಿ ಇರಬಹುದು, ಇಲ್ಲದಿರಬಹುದು. ದಯವಿಟ್ಟು ಯಾರೂ ಅಕ್ಕಪಕ್ಕ ನೋಡಬೇಡಿ. ಕೆಲವು ತಿಂಗಳಿಂದ ಅವರು ಕಾಣಲಿಲ್ಲವೆಂದು ಶುಕ್ರವಾರ ಅವರ ಮನೆಗೆ ಹೋದೆ. ಕೆಮ್ಮುತ್ತ ಎದ್ದು ಕೂತರು. ತೋಳು ಬರೀ ಎಲುಬಾಗಿತ್ತು.

‘ಮಾತ್ರಿ ಯಾಕ ಬಿಟ್ರಿ ಯವ್ವಾ?’

‘ನೀ ಬಿಟ್ಟಿಯಲ್ಲೋ ತಮ್ಮಾ. ನಿನಗ ಆರಾಮ ಆತಲ್ಲ. ನಾನೂ ವಾರಾ ವಾರಾ ಹಣ್ಣ ತಿಂದ ಬರತೇನಿ. ನನಗ ಯಾಕ ಲಗೂ ಆರಾಮ ಆಗವಲ್ದು?’

ಆಗಲೂ ನಾನು ಹೇಳಲಿಲ್ಲ. ‘ಆಗತೈತಿ ಬಿಡ್ರಿ’ ಎಂದು ಎದ್ದು ಬಂದೆ. ಮುಚ್ಚಿಟ್ಟದ್ದು ಒಂದು ಕಡೆ ಇರಲಿ, ಆ ಒಂದು ಮಾತನ್ನು ಹೇಗೆ ಹೊರಲಿ? ಕ್ವಿಂಟಲ್ ಚೀಲ ಹೊತ್ತವನು ನಾನು, ಇದನ್ನು ಹೊರಲಾಗಲಿಲ್ಲ.

ಆದ್ದರಿಂದ ಈಗ ಹೇಳುತ್ತಿದ್ದೇನೆ. ಮಂಗನ ಕೊಕ್ಕೆ ನನ್ನಲ್ಲಿ ಇಲ್ಲ. ನನ್ನನ್ನು ಕಾಪಾಡಿದ್ದು ಮಾತ್ರೆ. ಇನ್ನೊಂದು ಮಾತೂ ಇದೆ, ಅದು ಬಾಯಿಗೆ ಬರುವಾಗ ನನ್ನ ನಾಚಿಕೆಯ ಪಕ್ಕದಲ್ಲಿ ಸಿಟ್ಟೂ ಕೂರುತ್ತದೆ. ಜೊತೆಗೆ ಉಂಡರೆ ಈ ರೋಗ ಬರುವುದಿಲ್ಲ. ನನ್ನ ತಟ್ಟೆ ಬೇರೆ ಇಟ್ಟಿದ್ದ ದಿನಗಳಲ್ಲೂ ನನ್ನಿಂದ ಯಾರಿಗೂ ಬರುತ್ತಿರಲಿಲ್ಲ. ಆ ಪಂಕ್ತಿಯಲ್ಲಿ ಕೂರಲು ನಾನು ಗೆಲ್ಲಬೇಕಾಗಿಯೇ ಇರಲಿಲ್ಲ. ಇದು ತಿಳಿದೂ ಸುಳ್ಳಿನ ಆಸರೆ ಹಿಡಿದೆನಲ್ಲ, ಅದಕ್ಕೆ ತಲೆ ತಗ್ಗಿದೆ. ನಾಳೆಯಿಂದ ನನ್ನನ್ನು ಎಲ್ಲಿ ಕೂರಿಸಬೇಕೆಂಬುದು ನಿಮಗೆ ಬಿಟ್ಟದ್ದು.

ಆ ತಾಯಿಗೆ ಒಂದು ಮಾತು. ಸೋಮವಾರ ಮುಂಜಾನೆ ಮೋಟೆಬೆನ್ನೂರು ಕ್ರಾಸಿನಲ್ಲಿ ರಾಣೆಬೆನ್ನೂರು ಬಸ್ಸಿಗೆ ನಿಂತಿರುತ್ತೇನೆ. ನೀವು ನನ್ನ ಜೊತೆ ಮಾತಾಡಬೇಕಿಲ್ಲ, ನನ್ನ ಗುರುತಿದೆ ಎಂದು ತೋರಿಸಬೇಕಿಲ್ಲ. ಮುಂದೆ ಹೆಂಗಸರ ಸೀಟಿನಲ್ಲಿ ಕೂತುಕೊಳ್ಳಿ, ನಾನು ಹಿಂದೆ ಇರುತ್ತೇನೆ. ನೀವು ಬರದಿದ್ದರೆ ಆ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತೇನೆ. ಅದರಲ್ಲೂ ಬರದಿದ್ದರೆ ಅದರ ಮುಂದಿನದಕ್ಕೆ.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.